ಅಟ್ಟದ ಟ್ರಂಕಿನ ಹಳೇ ಕಾಮಿಕ್ಸ್: ರಟ್ಟು ಹೋದ ಆ ಮೂರನ್ನು ಮೊದಲು ನೋಡಿ

ಪ್ರಶ್ನೆ: ತೀರ್ಥಹಳ್ಳಿ ಹತ್ತಿರದ ನಮ್ಮ ಹಳೇ ಮನೆಯ ಅಟ್ಟದಲ್ಲಿ ದೊಡ್ಡಪ್ಪನ ಟ್ರಂಕು ಸಿಕ್ಕಿತು. ಒಳಗೆ ಸುಮಾರು 60 ಕನ್ನಡ ಕಾಮಿಕ್ಸ್ ಇವೆ. ಇಂದ್ರಜಾಲ ಕಾಮಿಕ್ಸ್ 20ರಷ್ಟು, ಅಮರ ಚಿತ್ರಕಥೆ 30ಕ್ಕೂ ಜಾಸ್ತಿ. ವಾರಪತ್ರಿಕೆಗಳಿಂದ ಕತ್ತರಿಸಿ ಬೈಂಡ್ ಮಾಡಿದ ಒಂದು ದಪ್ಪ ಪುಸ್ತಕವೂ ಇದೆ. ಮೂರಕ್ಕೆ ರಟ್ಟೇ ಇಲ್ಲ. ಅವು ಸಿಂಡ್ರೆಲಾ ಥರದ ವಿದೇಶಿ ಕಥೆಗಳು. ಒಬ್ಬರು ಬಂದು ಇಂದ್ರಜಾಲದಲ್ಲಿ ಫ್ಯಾಂಟಮ್ ಅನ್ನುವ ಕಾಡಿನ ವೀರನ ಕಥೆ ಇರುವುದನ್ನಷ್ಟೇ ಕೊಳ್ಳುತ್ತೇನೆ, ಉಳಿದದ್ದು ರದ್ದಿ ಅಂದರು. ಹೌದಾ? ಇವುಗಳಿಗೆ ಬೆಲೆ ಇದೆಯಾ? ಲ್ಯಾಮಿನೇಷನ್ ಮಾಡಿಸಿ ಇಡಬಹುದಾ? ನನಗೂ ಸಂಗ್ರಹ ಶುರು ಮಾಡುವ ಆಸೆ ಹುಟ್ಟಿದೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಮೊದಲ ಮಾತು, ಲ್ಯಾಮಿನೇಷನ್ ಬೇಡ. ಎರಡನೇ ಮಾತು, ಸದ್ಯಕ್ಕೆ ಒಂದನ್ನೂ ಮಾರಬೇಡಿ. ಅದರಲ್ಲೂ ರಟ್ಟಿಲ್ಲದ ಆ ಮೂರನ್ನು ರದ್ದಿ ಅಂದವರ ಮಾತು ನಂಬಬೇಡಿ. ನಿಮ್ಮ ಪತ್ರ ಓದುವಾಗ ನನ್ನ ಕಣ್ಣು ನಿಂತದ್ದು ಫ್ಯಾಂಟಮ್ ಮೇಲಲ್ಲ, ‘ಸಿಂಡ್ರೆಲಾ ಥರದ ವಿದೇಶಿ ಕಥೆಗಳು’ ಅನ್ನುವ ಕಡೆ.

ಯಾಕೆ ಅಂತ ಹೇಳುತ್ತೇನೆ. ಅಮರ ಚಿತ್ರಕಥೆ ಅಂದಕೂಡಲೇ ನಮಗೆ ನೆನಪಾಗುವುದು ಕೃಷ್ಣ, ರಾಮ, ತೆನಾಲಿ ರಾಮ. ಅದನ್ನು ಬೆಳೆಸಿದವರು ನಮ್ಮ ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ. ಎಲ್ಲರೂ ಹೇಳುವ ಕಥೆ 1967ರದು. ದೆಹಲಿಯ ಟಿವಿಯಲ್ಲಿ ಒಂದು ಕ್ವಿಜ್ ನಡೆಯುತ್ತಿತ್ತು. ಗ್ರೀಕ್ ಪುರಾಣದ ಪ್ರಶ್ನೆಗೆ ಉತ್ತರ ಕೊಟ್ಟ ಮಕ್ಕಳಿಗೆ ರಾಮನ ತಾಯಿ ಯಾರು ಅಂತ ಗೊತ್ತಿರಲಿಲ್ಲ. ಅದನ್ನು ನೋಡಿದ ಪೈ ಅವರಿಗೆ ನಮ್ಮ ಕಥೆಗಳನ್ನು ಚಿತ್ರಗಳಲ್ಲಿ ಹೇಳಬೇಕು ಅನ್ನಿಸಿತು. ಆದರೆ ಇಂಗ್ಲಿಷ್ ಅಮರ ಚಿತ್ರಕಥೆಯ ಹಳೇ ಪಟ್ಟಿ ತೆಗೆದು ನೋಡಿ. ಮೊದಲ ಸ್ವದೇಶಿ ಪುಸ್ತಕ ‘ಕೃಷ್ಣ’ದ ಸಂಖ್ಯೆ 1 ಅಲ್ಲ, 11. ಹಾಗಾದರೆ ಮೊದಲ ಹತ್ತು ಎಲ್ಲಿ ಹೋದವು?

ಆ ಹತ್ತು ಕನ್ನಡದಲ್ಲಿ ಬಂದಿದ್ದವು. ಅಮರ ಚಿತ್ರಕಥೆಯನ್ನು ಪ್ರಕಟಿಸಿದ ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಶಾಖೆಯಲ್ಲಿದ್ದ ಜಿ.ಕೆ. ಅನಂತರಾಮ್ ಅವರು ಹೇಳಿರುವ ಪ್ರಕಾರ, 1965ರಲ್ಲಿ ಕನ್ನಡ ಮಕ್ಕಳಿಗೆ ಕನ್ನಡದಲ್ಲೇ ಕಾಮಿಕ್ಸ್ ಕೊಡಬೇಕು ಅನ್ನುವ ಯೋಚನೆ ಅವರದು. ಮೊದಲು ಬಂದದ್ದು ಪಶ್ಚಿಮದ ಮಕ್ಕಳ ಕಥೆಗಳ ಅನುವಾದ: ಜ್ಯಾಕ್ ಮತ್ತು ಅವರೆಬಳ್ಳಿಯ ಕಥೆ, ಸಿಂಡ್ರೆಲಾ, ಪಿನೋಕಿಯೋ, ಸ್ನೋವೈಟ್, ಹೀಗೆ. ಅವು ಚೆನ್ನಾಗಿ ಮಾರಾಟವಾದವು. ಆಮೇಲೆ ಮುಂಬಯಿಯ ಕಚೇರಿ ಈ ಕೆಲಸವನ್ನು ಕೈಗೆತ್ತಿಕೊಂಡಿತು, ಅನಂತ ಪೈ ಬಂದರು, ರಾಮ್ ವಾಯೀರ್ಕರ್ ಚಿತ್ರ ಬರೆದ ‘ಕೃಷ್ಣ’ ಬಂತು. ಮುಂದೆ 400ಕ್ಕೂ ಹೆಚ್ಚು ಪುಸ್ತಕಗಳಾಗಿ, 20 ಭಾಷೆಗಳಿಗೆ ಹಬ್ಬಿದ ಸರಣಿ ಇದು. ಅದರ ಮೊದಲ ಹತ್ತು ಕನ್ನಡದ್ದು. ಈ ಮಾತು ಹೇಳುವಾಗ ನನಗೆ ಇವತ್ತಿಗೂ ಎದೆ ತುಂಬಿ ಬರುತ್ತದೆ. ನಮ್ಮಲ್ಲೇ ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ ಅನ್ನುವುದು ಅಷ್ಟೇ ಬೇಜಾರಿನ ಸಂಗತಿ.

ಗೊತ್ತಿಲ್ಲದೆ ಹೋದದ್ದಕ್ಕೆ ಕಾರಣವಿದೆ. ಆ ಹತ್ತರಲ್ಲಿ ರಾಮನೂ ಇಲ್ಲ, ಕೃಷ್ಣನೂ ಇಲ್ಲ. ಅಮರ ಚಿತ್ರಕಥೆ ಅಂತ ಹುಡುಕುವವರು ಸಿಂಡ್ರೆಲಾ ನೋಡಿದರೆ ಪಕ್ಕಕ್ಕೆ ಇಡುತ್ತಾರೆ. ಕನ್ನಡ ಪುಸ್ತಕ ಹುಡುಕುವವರು ಅದು ಮಕ್ಕಳ ಪುಸ್ತಕ ಅಂತ ಬಿಡುತ್ತಾರೆ. ವಿದೇಶಿ ಕಾಮಿಕ್ಸ್ ಹುಡುಕುವವರಿಗೆ ಕನ್ನಡ ಓದಲು ಬರುವುದಿಲ್ಲ. ಮೂರೂ ಕಡೆಯಿಂದ ಕೈಬಿಟ್ಟ ಪುಸ್ತಕ ಅದು. ಮನೆಯಲ್ಲಿ ಅಣ್ಣ ಓದಿ, ತಮ್ಮ ಓದಿ, ಪಕ್ಕದ ಮನೆಗೆ ಹೋಗಿ, ರಟ್ಟು ಕಿತ್ತು, ಕೊನೆಗೆ ಕಡಲೆಕಾಯಿ ಪೊಟ್ಟಣವಾಯಿತು. ಮಕ್ಕಳು ಇಷ್ಟಪಟ್ಟು ಓದಿದ ಪುಸ್ತಕವೇ ಮೊದಲು ಕಣ್ಮರೆಯಾಗುವುದು. ಯಾರೂ ಮುಟ್ಟದೆ ಕಪಾಟಿನಲ್ಲಿಟ್ಟ ಗಂಭೀರ ಗ್ರಂಥ ನೂರು ವರ್ಷ ಇರುತ್ತದೆ. ಸಾರ್ವಜನಿಕ ಗ್ರಂಥಾಲಯಗಳು ಕೂಡ ಕಾಮಿಕ್ಸನ್ನು ಪುಸ್ತಕ ಅಂತ ಎಣಿಸಿ ಜೋಪಾನ ಮಾಡಿದ್ದು ಕಡಿಮೆ.

ನಿಮ್ಮ ಆ ಮೂರು ಪುಸ್ತಕ ಅವೇ ಅಂತ ನೋಡದೆ ನಾನು ಹೇಳಲಾರೆ. ಕನ್ನಡದಲ್ಲಿ ಸಿಂಡ್ರೆಲಾ ಕಥೆ ಬೇರೆ ಬೇರೆ ಪ್ರಕಾಶಕರಿಂದ ಬಂದಿದೆ. ಆದರೆ ರಟ್ಟಿಲ್ಲದಿದ್ದರೂ ಪುಸ್ತಕದ ವಯಸ್ಸು ಪತ್ತೆ ಮಾಡಲು ದಾರಿಗಳಿವೆ.

ಬಹಳ ಜನ ಮೊದಲು ಬೆಲೆ ನೋಡುತ್ತಾರೆ. ನಾನು ಮೊದಲು ವಿಳಾಸ ನೋಡುತ್ತೇನೆ. ಪ್ರಕಾಶಕರದೋ, ಮುದ್ರಕರದೋ, ಜಾಹೀರಾತಿನದೋ, ಯಾವುದಾದರೂ ಆದೀತು. ನಮ್ಮ ದೇಶದಲ್ಲಿ ಆರಂಕಿಯ ಪಿನ್‌ಕೋಡ್ ಶುರುವಾದದ್ದು 1972ರ ಆಗಸ್ಟ್ 15ಕ್ಕೆ. ‘ಬೆಂಗಳೂರು-9’, ‘ಮುಂಬಯಿ-26’ ಅಂತ ಚಿಕ್ಕ ಸಂಖ್ಯೆ ಮಾತ್ರ ಇದ್ದರೆ ಅದಕ್ಕಿಂತ ಹಿಂದಿನದು ಇರಬಹುದು. ಇದೊಂದೇ ಸಾಲದು, ಯಾಕೆಂದರೆ ಆಮೇಲೂ ಎಷ್ಟೋ ವರ್ಷ ಕೆಲವರು ಹಳೇ ರೂಢಿ ಬಿಡಲಿಲ್ಲ. ಆದರೆ ಪಿನ್‌ಕೋಡ್ ಇದ್ದರೆ 1972ಕ್ಕಿಂತ ಹಿಂದಿನದಲ್ಲ ಅನ್ನುವುದಂತೂ ಗಟ್ಟಿ. ‘ಮೈಸೂರು ರಾಜ್ಯ’ ಅಂತ ಎಲ್ಲಾದರೂ ಅಚ್ಚಾಗಿದ್ದರೆ ಖುಷಿಪಡಿ. 1973ರ ನವೆಂಬರ್ 1ರಂದು ನಾವು ಕರ್ನಾಟಕವಾದೆವು. ‘ನಯೇ ಪೈಸೆ’ ಅಂತಿದ್ದರೆ ಇನ್ನೂ ಹಿಂದಕ್ಕೆ ಹೋಗಬೇಕು. 1957ರಲ್ಲಿ ಬಂದ ಆ ಹೆಸರಿನ ‘ನಯೇ’ ಅನ್ನುವುದನ್ನು 1964ರಲ್ಲಿ ಕೈಬಿಟ್ಟರು. ಇಂಗ್ಲಿಷ್ ಪುಸ್ತಕ ಕೂಡಿಡುವವರು ಬಾಂಬೆಯೋ ಮುಂಬೈಯೋ, ಬ್ಯಾಂಗಲೋರೋ ಬೆಂಗಳೂರೋ ಅಂತ ನೋಡಿ ವರ್ಷ ಹೇಳುತ್ತಾರೆ. ಕನ್ನಡ ಪುಸ್ತಕದಲ್ಲಿ ಆ ಉಪಾಯ ನಡೆಯುವುದಿಲ್ಲ. ನಾವು ಮೊದಲಿಂದಲೂ ಬೆಂಗಳೂರು ಅಂತಲೇ ಬರೆದವರು, ಅಲ್ವಾ?

ಜಾಹೀರಾತುಗಳೂ ಮಾತಾಡುತ್ತವೆ. ಕೋಕಾ ಕೋಲಾ 1977ರಲ್ಲಿ ಭಾರತ ಬಿಟ್ಟು ಹೋಯಿತು, ಮರಳಿದ್ದು 1993ರಲ್ಲಿ. ಆ ನಡುವಿನ ವರ್ಷದ್ದು ಅಂತ ಯಾರಾದರೂ ಹೇಳುವ ಪುಸ್ತಕದಲ್ಲಿ ಅದರ ಜಾಹೀರಾತು ಕಂಡರೆ ಅನುಮಾನಪಡಿ. ಹಿಂಬದಿ ರಟ್ಟಿನಲ್ಲಿರುವ ‘ಈಗಾಗಲೇ ಪ್ರಕಟವಾದ ಪುಸ್ತಕಗಳು’ ಪಟ್ಟಿಯಂತೂ ಚಿನ್ನ. ಅಮರ ಚಿತ್ರಕಥೆಯ ಎಷ್ಟೋ ಪುಸ್ತಕಗಳು ಮರುಮುದ್ರಣ ಕಂಡಿವೆ, ಪ್ರತಿ ಸಲವೂ ವರ್ಷ ಹಾಕಿಲ್ಲ. ಸಂಖ್ಯೆ 15ರ ಪುಸ್ತಕದ ಹಿಂದೆ 90ರವರೆಗಿನ ಪಟ್ಟಿ ಇದ್ದರೆ ಅದು ಮೊದಲ ಮುದ್ರಣ ಆಗಲು ಸಾಧ್ಯವಿಲ್ಲ. ಸಂಖ್ಯೆ 500ರ ಮೇಲಿದ್ದರೆ ಗೊಂದಲ ಬೇಡ. ಅದು ಬಹಳ ಆಮೇಲೆ, ದಪ್ಪ ಕಾಗದದಲ್ಲಿ ಹೊಸ ಸಂಖ್ಯೆ ಕೊಟ್ಟು ತಂದ ಸಾಲು.

ಬಣ್ಣ ಕೂಡ ನೋಡಿ. ಖರ್ಚು ಉಳಿಸಲು ಅಮರ ಚಿತ್ರಕಥೆಯ ಶುರುವಿನ ಪುಸ್ತಕಗಳನ್ನು ಪೂರ್ತಿ ಬಣ್ಣದಲ್ಲಿ ಮುದ್ರಿಸುತ್ತಿರಲಿಲ್ಲ. ಹಳದಿ, ನೀಲಿ, ಹಸಿರು ಇಷ್ಟರಲ್ಲೇ ಪುಟಗಳು ಮುಗಿಯುತ್ತಿದ್ದವು. ಪುಟ ಬಣ್ಣಗೆಟ್ಟಿದೆ ಅಂತ ಜನ ಎಸೆಯುವುದು ಇದನ್ನೇ. ಅದು ಬಣ್ಣಗೆಟ್ಟದ್ದಲ್ಲ, ಹುಟ್ಟುವಾಗಲೇ ಹಾಗಿದ್ದದ್ದು. ಹಳೇ ಮುದ್ರಣ ಅನ್ನುವುದಕ್ಕೆ ಅದೇ ಗುರುತು.

ಇನ್ನು ಇಂದ್ರಜಾಲಕ್ಕೆ ಬರೋಣ. ಟೈಮ್ಸ್ ಆಫ್ ಇಂಡಿಯಾದ ಬೆನೆಟ್ ಕೋಲ್ಮನ್ ಕಂಪನಿ ಇದನ್ನು 1964ರ ಮಾರ್ಚ್‌ನಲ್ಲಿ ಶುರು ಮಾಡಿ 1990ರಲ್ಲಿ ನಿಲ್ಲಿಸಿತು. ಮೊದಲ 32 ಸಂಚಿಕೆಯೂ ಫ್ಯಾಂಟಮ್‌ದೇ. ಆಮೇಲೆ ಮಾಂಡ್ರೇಕ್, ಫ್ಲ್ಯಾಶ್ ಗಾರ್ಡನ್, ರಿಪ್ ಕರ್ಬಿ, ಬಜ್ ಸಾಯರ್, ಗಾರ್ತ್ ಬಂದರು. ಮೊದಲು ತಿಂಗಳಿಗೊಂದು, ಆಮೇಲೆ ಹದಿನೈದು ದಿನಕ್ಕೊಂದು, 80ರ ದಶಕದಲ್ಲಿ ವಾರಕ್ಕೊಂದು. ಇಂಗ್ಲಿಷ್ ಸಾಲಿನಲ್ಲಿ ಒಟ್ಟು ಸುಮಾರು 800 ಸಂಚಿಕೆ. ಸಂಖ್ಯೆ 123 ಮತ್ತು 124 ಮಾತ್ರ ಹೊರಬರಲೇ ಇಲ್ಲ. ಆಗ ಪತ್ರಿಕೆಯಲ್ಲಿ ಮುಷ್ಕರ ನಡೆದಿತ್ತು. ಹೊಸಬರು ಆ ಎರಡಕ್ಕಾಗಿ ವರ್ಷಗಟ್ಟಲೆ ಸುಮ್ನೆ ಹುಡುಕುತ್ತಾರೆ.

ನಿಮ್ಮ ಮನೆಗೆ ಬಂದವರು ಫ್ಯಾಂಟಮ್ ಮಾತ್ರ ಕೇಳಿದ್ದು ಸಹಜ. ಅದಕ್ಕೆ ಗಿರಾಕಿಗಳು ಜಾಸ್ತಿ. ನಮ್ಮ ಫ್ಯಾಂಟಮ್‌ನಲ್ಲಿ ಇಲ್ಲಿಯದೇ ಆದ ವಿಶೇಷವೂ ಇದೆ. ಮೂಲದಲ್ಲಿ ಅವನ ಕಾಡಿರುವ ದೇಶದ ಹೆಸರು ಬೆಂಗಾಲಿ. ಭಾರತದ ಓದುಗರಿಗೆ ಅದು ಸರಿಹೋಗದು ಅಂತ ಇಂದ್ರಜಾಲ ಅದನ್ನು ಡೆಂಕಾಲಿ ಮಾಡಿತು. ಅವನ ಎದುರಾಳಿಗಳಾದ ಸಿಂಗ್ ಕಡಲ್ಗಳ್ಳರು ಸಿಂಗಾ ಆದರು. ಹಾಗಾಗಿ ಹೊರದೇಶದ ಫ್ಯಾಂಟಮ್ ಅಭಿಮಾನಿಗಳೂ ಇಂದ್ರಜಾಲವನ್ನು ಬೇರೆಯದೇ ಸಾಲು ಅಂತ ಕೂಡಿಡುತ್ತಾರೆ. ಆದರೆ ನನ್ನನ್ನು ಕೇಳಿದರೆ, ನಿಮ್ಮ 20ರಲ್ಲಿ ಬಹದ್ದೂರ್ ಇದ್ದಾನಾ ನೋಡಿ. 1976ರಲ್ಲಿ ಆಬಿದ್ ಸೂರ್ತಿ ಸೃಷ್ಟಿಸಿದ, ಗೋವಿಂದ ಬ್ರಾಹ್ಮಣಿಯಾ ಚಿತ್ರ ಬರೆದ ನಾಯಕ ಅವನು. ಕುರ್ತಾ ಮೇಲೆ, ಜೀನ್ಸ್ ಕೆಳಗೆ. ಎದುರಾಳಿಗಳು ಡಕಾಯಿತರು. ಬೇರೆ ದೇಶದಲ್ಲಿ ಮೊದಲು ಅಚ್ಚಾಗಿ ಇಲ್ಲಿಗೆ ಬಂದವನಲ್ಲ, ಇಲ್ಲೇ ಹುಟ್ಟಿದವನು. ಫ್ಯಾಂಟಮ್‌ನ ಕಥೆಯನ್ನು ಜಗತ್ತಿನ ಹತ್ತು ಕಡೆ ಮತ್ತೆ ಮುದ್ರಿಸುತ್ತಾರೆ. ಬಹದ್ದೂರ್‌ನ ಕನ್ನಡ ಸಂಚಿಕೆ ಹೋದರೆ ಹೋಯಿತು.

ಕನ್ನಡ ಇಂದ್ರಜಾಲವನ್ನು ಇಂಗ್ಲಿಷ್ ಪಟ್ಟಿಯ ಸಂಖ್ಯೆ ಇಟ್ಟುಕೊಂಡು ಅಳೆಯಬೇಡಿ. ಭಾಷೆಯ ಸಾಲುಗಳು ಎಲ್ಲವೂ ಒಂದೇ ಸಲ ಶುರುವಾಗಲಿಲ್ಲ. ಕೈಯಲ್ಲಿರುವ ಸಂಚಿಕೆಯ ತಾರೀಕು, ಸಂಖ್ಯೆ, ಕಥೆಯ ಕನ್ನಡ ಹೆಸರು, ಮುಖಪುಟದ ಚಿತ್ರ ಇಷ್ಟನ್ನೂ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಕನ್ನಡದ ಪೂರ್ತಿ ಪಟ್ಟಿ ಸಂಗ್ರಹಕಾರರ ನೋಟ್‌ಬುಕ್‌ಗಳಿಂದಲೇ ಕೂಡಿಬರಬೇಕು. ನಿಮ್ಮ 20 ಸಾಲುಗಳೂ ಅದಕ್ಕೆ ಬೇಕು.

ಬೈಂಡ್ ಮಾಡಿದ ಪುಸ್ತಕದ ಬಗ್ಗೆ ನೀವು ಒಂದೇ ವಾಕ್ಯದಲ್ಲಿ ಬರೆದು ಮುಂದೆ ಹೋದಿರಿ. ನಾನಾಗಿದ್ದರೆ ಅದರ ಬಗ್ಗೆಯೇ ಪತ್ರ ಬರೆಯುತ್ತಿದ್ದೆ. ವಾರಪತ್ರಿಕೆಯ ಧಾರಾವಾಹಿ ಕತ್ತರಿಸಿ, ದಾರ ಹಾಕಿ ಹೊಲಿದು, ಕ್ಯಾಲೆಂಡರ್ ಹಾಳೆಯ ಹೊದಿಕೆ ಹಾಕಿ ಇಡುವುದು ನಮ್ಮ ಮನೆಮನೆಯಲ್ಲೂ ಇದ್ದ ಪದ್ಧತಿ. ಕಾದಂಬರಿ ಹೀಗೆ ಉಳಿದಂತೆ ಚಿತ್ರಕಥೆಗಳೂ ಉಳಿದವು. ಪತ್ರಿಕೆಯಲ್ಲಿ ಬಂದು, ಪುಸ್ತಕವಾಗದೇ ಹೋದ ಚಿತ್ರಕಥೆಗಳು ಇಂಥ ಬೈಂಡುಗಳಲ್ಲಿ ಮಾತ್ರ ಸಿಗುತ್ತವೆ. ಕೊಳ್ಳುವವರ ಲೆಕ್ಕದಲ್ಲಿ ಇದಕ್ಕೆ ಬೆಲೆಯೇ ಇಲ್ಲ, ಯಾಕೆಂದರೆ ಅಂಚು ಕತ್ತರಿಸಿ ಹೋಗಿರುತ್ತದೆ. ನನ್ನ ಲೆಕ್ಕದಲ್ಲಿ ಟ್ರಂಕಿನ ಎರಡನೇ ಮುಖ್ಯ ವಸ್ತು ಅದು. ದಯವಿಟ್ಟು ಹೊಲಿಗೆ ಬಿಚ್ಚಬೇಡಿ. ದೊಡ್ಡಪ್ಪ ಯಾವ ವಾರದಿಂದ ಯಾವ ವಾರದವರೆಗೆ ಕತ್ತರಿಸಿದರು ಅಂತ ಹಿಂಬದಿಯ ಸುದ್ದಿ ಓದಿ ಪತ್ತೆ ಮಾಡಿ. ಚಂದಮಾಮದ ಚಿತ್ರಗಳೂ ಇಂಥ ಬೈಂಡಿನೊಳಗೆ ಸಿಗುವುದುಂಟು. ಅದರಲ್ಲಿ ನಮ್ಮ ಎಂ.ಟಿ.ವಿ. ಆಚಾರ್ಯರು ಬರೆದ ಮಹಾಭಾರತದ ಚಿತ್ರ ಇದ್ದರೆ ಆ ಪುಟವನ್ನು ಬಿಸಿಲಿಗೆ ತೋರಿಸಲೇ ಬೇಡಿ.

ಬೆಲೆಯ ಮಾತು ಚುಟುಕಾಗಿ ಹೇಳಿಬಿಡುತ್ತೇನೆ. ಅಮೆರಿಕದಲ್ಲಿ ಸೂಪರ್‌ಮ್ಯಾನ್ ಮೊದಲು ಕಾಣಿಸಿಕೊಂಡ 1938ರ ಸಂಚಿಕೆಯ ಒಂದು ಪ್ರತಿ 2024ರಲ್ಲಿ 60 ಲಕ್ಷ ಡಾಲರಿಗೆ ಹೋಯಿತು. ಅಂಥ ಸುದ್ದಿ ಓದಿ ನಮ್ಮ ಟ್ರಂಕುಗಳ ಲೆಕ್ಕ ಹಾಕಬಾರದು. ಅಲ್ಲಿ 1970ರಿಂದ ವರ್ಷವರ್ಷ ಬರುವ ಬೆಲೆಪಟ್ಟಿ ಇದೆ, ಪ್ರತಿಯ ಸ್ಥಿತಿಗೆ ಅಂಕ ಕೊಡುವ ಸಂಸ್ಥೆಗಳಿವೆ, ಹರಾಜು ಮನೆಗಳಿವೆ. ಕನ್ನಡ ಕಾಮಿಕ್ಸಿಗೆ ಇದ್ಯಾವುದೂ ಇಲ್ಲ. ಕೊಳ್ಳುವವನಿಗೆ ಎಷ್ಟು ಬೇಕೆನಿಸುತ್ತದೋ ಅಷ್ಟೇ ಬೆಲೆ. ಪಕ್ಕದ ತಮಿಳುನಾಡಿನಲ್ಲಿ ಸ್ಥಿತಿ ಬೇರೆ. ಶಿವಕಾಶಿಯಿಂದ 1972ರಲ್ಲಿ ಶುರುವಾದ ಮುತ್ತು ಕಾಮಿಕ್ಸ್, ಆಮೇಲಿನ ಲಯನ್ ಕಾಮಿಕ್ಸ್ ಇವುಗಳಿಗೆ ಅಲ್ಲಿ ನಿಷ್ಠೆಯ ಓದುಗರ ಬಳಗವೇ ಇದೆ. ಹಳೆಯದಕ್ಕೆ ಗಿರಾಕಿ ಸಿಗುತ್ತಾರೆ, ಹಳೆಯದು ಉಳಿಯುತ್ತದೆ. ನಮ್ಮಲ್ಲಿ ಕೇಳುವವರು ಕಡಿಮೆ ಅಂತ ಬೆಲೆ ಕಡಿಮೆ. ಬೆಲೆ ಕಡಿಮೆ ಅಂತ ರದ್ದಿಗೆ ಹೋಗುತ್ತದೆ. ಹಾಗಾಗಿ ಕಡಿಮೆ ಬೆಲೆಗೆ ಸಿಗುವ ಕನ್ನಡ ಪ್ರತಿ ಹೆಚ್ಚು ಬೆಲೆಯ ಇಂಗ್ಲಿಷ್ ಪ್ರತಿಗಿಂತ ಅಪರೂಪದ್ದಾಗಿರಬಹುದು. ಹೊಸದಾಗಿ ಶುರು ಮಾಡುವವರಿಗೆ ಇದರಿಂದ ಒಳ್ಳೆಯದೇ ಆಗಿದೆ. ದುಡ್ಡಿಗಿಂತ ಜಾಸ್ತಿ ಇಲ್ಲಿ ಕಣ್ಣು ಬೇಕು.

ಈಗ ಜೋಪಾನದ ಮಾತು. ನಿಮ್ಮದು ಮಲೆನಾಡು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುತ್ತದೆ. ಅದಕ್ಕೇ ಇದನ್ನು ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಕಾಮಿಕ್ಸಿನ ಶತ್ರು ಕಾಮಿಕ್ಸಿನೊಳಗೇ ಇದೆ. ಅಗ್ಗದ ನ್ಯೂಸ್‌ಪ್ರಿಂಟ್ ಕಾಗದದಲ್ಲಿ ಮರದ ನಾರನ್ನು ಗಟ್ಟಿಯಾಗಿ ಹಿಡಿದಿಡುವ ಲಿಗ್ನಿನ್ ಅನ್ನುವ ಅಂಶ ಉಳಿದಿರುತ್ತದೆ. ಗಾಳಿ, ಬೆಳಕು ತಾಗಿದಂತೆ ಅದು ಹಳದಿಯಾಗಿ, ಆಮ್ಲ ಬಿಟ್ಟು, ಹಾಳೆಯನ್ನು ಹಪ್ಪಳದಂತೆ ಮಾಡುತ್ತದೆ. ಇದನ್ನು ನಿಲ್ಲಿಸಲು ಆಗುವುದಿಲ್ಲ, ನಿಧಾನ ಮಾಡಬಹುದು ಅಷ್ಟೇ. ಲ್ಯಾಮಿನೇಷನ್ ಮಾಡಿದರೆ ಬಿಸಿ ತಾಗುತ್ತದೆ, ಅಂಟು ಕಾಗದದೊಳಗೆ ಇಳಿಯುತ್ತದೆ, ಮತ್ತೆ ಬಿಡಿಸಲು ಬರುವುದಿಲ್ಲ. ನಾನು ಶುರುವಿನ ದಿನಗಳಲ್ಲಿ ಒಂದು ಅಂಗಡಿಯಲ್ಲಿ ನಾಲ್ಕು ಮುಖಪುಟಗಳಿಗೆ ಲ್ಯಾಮಿನೇಷನ್ ಮಾಡಿಸಿದ್ದೆ. ಚೆನ್ನಾಗಿ ಹೊಳೆಯುತ್ತಿದ್ದವು. ಹತ್ತು ವರ್ಷಕ್ಕೆ ಪ್ಲಾಸ್ಟಿಕ್ ಗುಳ್ಳೆ ಎದ್ದು ಬಣ್ಣವನ್ನೂ ಕಿತ್ತುಕೊಂಡು ಬಂತು. ಅದರಲ್ಲಿ ಒಂದರ ಇನ್ನೊಂದು ಪ್ರತಿ ನನಗೆ ಈವರೆಗೆ ಸಿಕ್ಕಿಲ್ಲ. ಹರಿದ ಕಡೆ ಸೆಲ್ಲೋಟೇಪ್ ಹಾಕುವುದೂ ಇದೇ ಥರದ ತಪ್ಪು. ಟೇಪ್ ಉದುರುತ್ತದೆ, ಕಂದು ಕಲೆ ಉಳಿಯುತ್ತದೆ.

ಮೊದಲು ಎಲ್ಲವನ್ನೂ ಟ್ರಂಕಿನಿಂದ ಹೊರಗೆ ತೆಗೆದು, ಒಣಗಿದ ಕೋಣೆಯಲ್ಲಿ ಹತ್ತಿ ಬಟ್ಟೆಯ ಮೇಲೆ ಹರಡಿ. ಫ್ಯಾನ್ ಗಾಳಿ ದೂರದಿಂದ ಸಾಕು, ಬಿಸಿಲು ಬೇಡ. ಬೂಷ್ಟು ಹಿಡಿದದ್ದನ್ನು ಬೇರೆ ಇಡಿ. ಪೂರ್ತಿ ಒಣಗಿದ ಮೇಲೆ ಮೆತ್ತನೆಯ ಬ್ರಷ್‌ನಿಂದ ಮನೆಯ ಹೊರಗೆ, ಮೂಗಿಗೆ ಮಾಸ್ಕ್ ಕಟ್ಟಿಕೊಂಡು ಒರೆಸಿ. ಹುಳ ಇದ್ದರೆ, ಒಣಗಿದ ಪುಸ್ತಕವನ್ನು ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಸೀಲ್ ಮಾಡಿ ಫ್ರೀಜರ್‌ನಲ್ಲಿ ಎರಡು ವಾರ ಇಡಿ. ತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ, ಇಲ್ಲದಿದ್ದರೆ ಕಾಗದದ ಮೇಲೆ ನೀರು ಕೂರುತ್ತದೆ. ನುಸಿ ಗುಳಿಗೆಯನ್ನು ಪುಸ್ತಕದ ಜೊತೆ ಹಾಕಬೇಡಿ. ಅದರ ಆವಿ ನಿಮಗೂ ಒಳ್ಳೆಯದಲ್ಲ. ಬೇವಿನ ಸೊಪ್ಪು ಅಜ್ಜಿ ಕಾಲದ ನಂಬಿಕೆಯ ಉಪಾಯ ಹೌದು, ಆದರೆ ಎಲೆಯ ತೇವ ಪುಟಕ್ಕೆ ತಾಗಬಾರದು.

ಮಧ್ಯದ ಪಿನ್ ತುಕ್ಕು ಹಿಡಿದಿದ್ದರೆ ಎಳೆಯಬೇಡಿ. ಒಳಬದಿಯಿಂದ ಎರಡೂ ಕಾಲನ್ನು ಮೆಲ್ಲಗೆ ನೇರ ಮಾಡಿ, ಬೆನ್ನಿನ ಕಡೆಯಿಂದ ತೆಗೆಯಿರಿ. ಅದೇ ತೂತುಗಳಲ್ಲಿ ಬಿಳಿ ಹತ್ತಿ ದಾರ ಪೋಣಿಸಿ ಸಡಿಲವಾಗಿ ಕಟ್ಟಿ. ಆಮೇಲೆ ಒಂದೊಂದನ್ನೂ ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಹೊದಿಕೆಯಲ್ಲಿ ಹಾಕಿ, ಹಿಂದೆ ಆಮ್ಲರಹಿತ ರಟ್ಟು ಇಡಿ. ವಾಸನೆ ಬರುವ ಮೆತ್ತನೆಯ ಪಿವಿಸಿ ಕವರ್ ಬೇಡವೇ ಬೇಡ. ಅದು ಮುಖಪುಟದ ಶಾಯಿಗೆ ಅಂಟಿಕೊಳ್ಳುತ್ತದೆ. ಪೆಟ್ಟಿಗೆಯನ್ನು ನೆಲದಿಂದ ಮೇಲೆ, ಹೊರಗೋಡೆಗೆ ತಾಗದಂತೆ ಇಡಿ. ಸಿಲಿಕಾ ಜೆಲ್ ಹಾಕಿದರೆ ಮಳೆಗಾಲದಲ್ಲಿ ಬದಲಾಯಿಸುತ್ತಾ ಇರಬೇಕು. ಹಾಕಿ ಮರೆತರೆ ಪ್ರಯೋಜನವಿಲ್ಲ. ಮಳೆಗಾಲ ಮುಗಿದ ಮೇಲೆ, ಒಣ ಹವೆಯ ದಿನ ನೋಡಿ ವರ್ಷಕ್ಕೊಮ್ಮೆ ಎಲ್ಲವನ್ನೂ ತೆರೆದು ನೋಡಿ.

ಸಂಗ್ರಹ ಎಲ್ಲಿಂದ ಶುರು ಮಾಡಲಿ ಅಂದಿರಿ. ನೀವು ಆಗಲೇ ಶುರು ಮಾಡಿದ್ದೀರಿ. ಬೆಂಗಳೂರಿಗೆ ಬಂದರೆ ಅವೆನ್ಯೂ ರಸ್ತೆಯ ಹಳೇ ಪುಸ್ತಕದವರನ್ನು ನೋಡಿ, ಚರ್ಚ್ ಸ್ಟ್ರೀಟ್‌ನ ಸೆಕೆಂಡ್‌ ಹ್ಯಾಂಡ್ ಅಂಗಡಿಗಳನ್ನೂ ನೋಡಿ. ಆದರೆ ಅಲ್ಲಿಗೆ ಬರುವುದರಲ್ಲಿ ಇಂಗ್ಲಿಷ್ ಕಾಮಿಕ್ಸ್ ಜಾಸ್ತಿ, ಕನ್ನಡದ್ದು ಕಡಿಮೆ. ನನಗೆ ಒಳ್ಳೆಯ ಕನ್ನಡ ಪ್ರತಿಗಳು ಸಿಕ್ಕಿದ್ದು ತಾಲೂಕು ಊರುಗಳಲ್ಲಿ. ಮುಚ್ಚಿಹೋದ ಬಾಡಿಗೆ ಲೈಬ್ರರಿಯವರ ಮನೆ, ಹಳೇ ಪತ್ರಿಕೆ ಏಜೆಂಟರ ಗೋದಾಮು, ನಿವೃತ್ತ ಮೇಷ್ಟ್ರ ಕಪಾಟು. ಲೈಬ್ರರಿಯ ಸೀಲು, ದಿನಕ್ಕೆ ಇಷ್ಟು ಪೈಸೆ ಅನ್ನುವ ಚೀಟಿ ಇದ್ದರೆ ಪೇಟೆಯಲ್ಲಿ ಬೆಲೆ ಇಳಿಯುತ್ತದೆ. ನಾನು ಅಂಥದ್ದನ್ನು ಹುಡುಕಿ ಇಟ್ಟುಕೊಳ್ಳುತ್ತೇನೆ. ಯಾವ ಊರಿನಲ್ಲಿ ಮಕ್ಕಳು ಏನು ಓದಿದರು ಅಂತ ಹೇಳುವುದು ಆ ಸೀಲೇ. ನಿಮ್ಮ ದೊಡ್ಡಪ್ಪ ಪುಸ್ತಕದ ಮೇಲೆ ಹೆಸರು, ತಾರೀಕು ಬರೆದಿದ್ದರೆ ರಬ್ಬರ್ ಹಚ್ಚಬೇಡಿ.

ಎಲ್ಲವನ್ನೂ ಕೂಡಿಡುತ್ತೇನೆ ಅಂತ ಹೊರಡಬೇಡಿ. ಒಂದು ಸಣ್ಣ ದಾರಿ ಹಿಡಿಯಿರಿ. ಕನ್ನಡ ಬಹದ್ದೂರ್ ಮಾತ್ರ, ಅಥವಾ 1975ಕ್ಕೆ ಮೊದಲಿನ ಕನ್ನಡ ಅಮರ ಚಿತ್ರಕಥೆ ಮಾತ್ರ. ಸ್ಕ್ಯಾನ್ ಮಾಡಿ ಇಟ್ಟುಕೊಳ್ಳುವುದು ಒಳ್ಳೆಯದು, ಮತ್ತೆ ಮತ್ತೆ ಪುಟ ತಿರುಗಿಸುವುದು ತಪ್ಪುತ್ತದೆ. ಸ್ಕ್ಯಾನ್ ಮಾಡಿದ್ದನ್ನು ಪೂರ್ತಿಯಾಗಿ ಹಂಚಬೇಡಿ, ಇವುಗಳ ಹಕ್ಕು ಇನ್ನೂ ಬೇರೆಯವರ ಬಳಿ ಇರಬಹುದು. ಮುಖಪುಟ ಮತ್ತು ಮುದ್ರಣ ವಿವರ ಇರುವ ಭಾಗದ ಫೋಟೊ ಇದ್ದರೆ ಪಟ್ಟಿ ಮಾಡುವ ಕೆಲಸಕ್ಕೆ ಸಾಕು.

ಇವತ್ತು ಸಂಜೆ ಒಂದು ಕೆಲಸ ಮಾಡಿ. ರಟ್ಟಿಲ್ಲದ ಆ ಮೂರನ್ನು ಮೇಜಿನ ಮೇಲೆ ಇಟ್ಟುಕೊಂಡು, ಮೊದಲ ಮತ್ತು ಕೊನೆಯ ಪುಟದ ಕೆಳಗಿನ ಅಂಚನ್ನು ಭೂತಗನ್ನಡಿ ಹಿಡಿದು ನೋಡಿ. ಇಂಡಿಯಾ ಬುಕ್ ಹೌಸ್ ಅನ್ನುವ ಹೆಸರು ಇದೆಯಾ? 1ರಿಂದ 10ರೊಳಗಿನ ಸಂಖ್ಯೆ ಎಲ್ಲಾದರೂ ಕಾಣುತ್ತದಾ? ಬೆಂಗಳೂರಿನ ಮುದ್ರಣಾಲಯದ ಹೆಸರು, ಪಿನ್‌ಕೋಡ್ ಇಲ್ಲದ ವಿಳಾಸ? ಟ್ರಂಕಿನ ತಳವನ್ನೂ ಇನ್ನೊಮ್ಮೆ ಕೈಯಾಡಿಸಿ ನೋಡಿ. ಕಿತ್ತುಬಂದ ರಟ್ಟನ್ನು ಮಕ್ಕಳು ಎಸೆದರೂ ದೊಡ್ಡವರು ಬೇರೆ ಪುಸ್ತಕದೊಳಗೆ ಸೇರಿಸಿ ಇಟ್ಟಿರುತ್ತಾರೆ. ಸಿಕ್ಕಿದ್ದನ್ನು, ಸಿಗದೇ ಹೋದದ್ದನ್ನು ಎರಡನ್ನೂ ಬರೆದು ಕಳಿಸಿ.